ತಾಯಿಯಿಂದ ಬರಿ

ನನಗೆ ಬಾಯಿ ದೊಡ್ಡದು, ಕಿವಿ ಸಣ್ಣದು ಎಂದು ನನ್ನ ಗಂಡ ಕ್ಲೈವ್ ಆಗಾಗ ಹೇಳುತ್ತಾನೆ. ನಾನು ಅದನ್ನು ತಮಾಷೆ ಎಂದುಕೊಂಡು ಬಿಟ್ಟಿದ್ದೆ. 2016ರ ಅಕ್ಟೋಬರ್‌ನಲ್ಲಿ, ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದ ಊಟದ ಮೇಜಿನೆದುರು ಕುಳಿತು, ನಾನು ಒಂದು ಶಬ್ದವನ್ನು ತಪ್ಪಾಗಿ ಕೇಳಿಸಿಕೊಂಡೆ. ಎರಡೇ ಅಕ್ಷರದ ಶಬ್ದ. ಅದರ ಅರ್ಥ ನನಗೆ ತಿಳಿಯುವಷ್ಟರಲ್ಲಿ ಯಶ್ಮಿತಾಳಿಗೆ ಏಳು ತಿಂಗಳು ತುಂಬಿತ್ತು.

ಯಶ್ಮಿತಾ ನನ್ನ ಗೆಳತಿ. ನಾನು ವೆಲಿಟಾ, ಅಬುಧಾಬಿಯಲ್ಲೇ ಹುಟ್ಟಿ ಬೆಳೆದ ಕೊಂಕಣಿಯವಳು. ಡಿಗ್ರಿ ಓದಲು ಅಪ್ಪ ನನ್ನನ್ನು ಉಡುಪಿಗೆ ಕಳಿಸಿದಾಗ ಹಾಸ್ಟೆಲಿನಲ್ಲಿ ಇವಳು ಸಿಕ್ಕಿದಳು. ನನಗೆ ಬರುವ ಕನ್ನಡವೆಲ್ಲ ಅವಳು ಕಲಿಸಿದ್ದು. ತುಳು ಮಾತ್ರ ನಾಲಿಗೆಗೆ ಹತ್ತಲಿಲ್ಲ. ನಾಲ್ಕು ಬೈಗುಳ ಬರುತ್ತವೆ, ಅಷ್ಟೇ. ಮುಂದೆ ಅವಳು ರಂಜಿತನನ್ನು ಮದುವೆಯಾಗಿ ಅಬುಧಾಬಿಗೇ ಬಂದಳು. ನಾನು ಓದು ಮುಗಿಸಿ ದುಬೈಯ ಒಂದು ಫರ್ಟಿಲಿಟಿ ಸೆಂಟರಿನ ಲ್ಯಾಬಿಗೆ ಸೇರಿದೆ. ಅಂಡ, ವೀರ್ಯ, ಭ್ರೂಣ, ಇವುಗಳ ಜೊತೆಯಲ್ಲೇ ನನ್ನ ದಿನ ಕಳೆಯುತ್ತದೆ.

ಯಶ್ಮಿತಾಳ ಮೊದಲ ಮಗು ತಿಲಕ್. 2013ರಲ್ಲಿ ಹುಟ್ಟಿದ, ಗುಂಡುಗುಂಡಾಗಿದ್ದ, ನನ್ನ ಕನ್ನಡಕ ಕಿತ್ತುಕೊಂಡು ನಗುತ್ತಿದ್ದ. ಹನ್ನೊಂದನೇ ತಿಂಗಳಲ್ಲಿ ಅವನಿಗೆ ಒಂದು ಸಾಧಾರಣ ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ನೆಟ್ಟಗೆ ಕೂರುತ್ತಿದ್ದ ಮಗುವಿನ ಕುತ್ತಿಗೆ ಮತ್ತೆ ನಿಲ್ಲಲಿಲ್ಲ. ಆಮೇಲೆ ಕಣ್ಣುಗುಡ್ಡೆಗಳು ಅತ್ತಿತ್ತ ಓಡಲು ಶುರುವಾದವು. ಗೋಡೆಯ ಮೇಲೆ ಯಾರೋ ಓಡಾಡುತ್ತಿದ್ದಾರೆ, ಅದು ಅವನೊಬ್ಬನಿಗೇ ಕಾಣುತ್ತಿದೆ ಎನ್ನುವ ಹಾಗೆ. ಯಶ್ಮಿತಾ ತಿರುಗಿ ತಿರುಗಿ ಆ ಗೋಡೆಯನ್ನು ನೋಡುತ್ತಿದ್ದಳು.

ಡಾಕ್ಟರುಗಳೆಲ್ಲ "ನೋಡೋಣ" ಎಂದರು. ಕೊನೆಗೆ ಬಂದ ಜೀನ್ ಪರೀಕ್ಷೆಯ ವರದಿಯನ್ನು ಅವಳು ನನ್ನ ಕೈಗೆ ಕೊಟ್ಟಳು. ಮೈಟೋಕಾಂಡ್ರಿಯಾದ ದೋಷ. ನಾನು ಓದಿ, ಇದಕ್ಕೆ ಮದ್ದಿಲ್ಲ ಯಶು, ಇವನು ಹೆಚ್ಚು ಕಾಲ ಇರುವುದಿಲ್ಲ ಎಂದು ನೇರ ಹೇಳಿಬಿಟ್ಟೆ. ಅವಳು ಅಳಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡು, "ನೀನೊಬ್ಬಳಾದ್ರೂ ನಂಗೆ ಸುಳ್ಳು ಹೇಳ್ಲಿಲ್ಲ ಮಾರಾಯ್ತಿ. ಯಾವತ್ತೂ ಹೇಳ್ಬೇಡ" ಎಂದಳು. ನಾನು ಮಾತು ಕೊಟ್ಟೆ. ಎರಡು ವರ್ಷ ತುಂಬುವ ಮೊದಲೇ ತಿಲಕ್ ಹೋದ.

ಅಕ್ಟೋಬರ್‌ನ ಆ ಊಟ ಅದಾಗಿ ಒಂದು ವರ್ಷದ ಮೇಲೆ. ಯಶ್ಮಿತಾಳಿಗೆ ಇನ್ನೊಂದು ಮಗು ಬೇಕಿತ್ತು. ಆದರೆ ಇನ್ನೊಂದು ತಿಲಕ್‌ನನ್ನು ನೋಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. "ಮತ್ತೊಮ್ಮೆ ಹಾಗಾದ್ರೆ ನಾನು ಇರುದಿಲ್ಲ ವೆಲ್ಲಿ" ಎಂದು ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದ್ದಳು. ಬೇರೆ ಹೆಂಗಸಿನ ಅಂಡ, ರಂಜಿತನ ವೀರ್ಯ, ಯಶ್ಮಿತಾಳ ಗರ್ಭ, ಇದೊಂದೇ ದಾರಿ ಎಂದು ನಾನು ಅವರಿಬ್ಬರನ್ನೂ ಒಪ್ಪಿಸಿದ್ದೆ. ತಾಯಿಯ ಅಂಡದ ತಿರುಳನ್ನಷ್ಟೇ ತೆಗೆದು ಬೇರೆಯವಳ ಒಳ್ಳೆಯ ಅಂಡದಲ್ಲಿ ಕೂರಿಸುವ ಸಂಶೋಧನೆ ಆಗ ಪೇಪರಿನಲ್ಲೆಲ್ಲ ಬರುತ್ತಿತ್ತು. ಅದು ನಮ್ಮಂಥವರ ಕೈಗೆ ಸಿಗಲು ಇನ್ನೂ ಎಷ್ಟು ವರ್ಷವೋ. ಇಲ್ಲಿಯ ಕಾನೂನು ಬೇರೆಯವರ ಅಂಡ ಮುಟ್ಟಲೂ ಬಿಡುವುದಿಲ್ಲ, ಆದ್ದರಿಂದ ಊರಿಗೇ ಹೋಗಬೇಕಿತ್ತು. ಒಪ್ಪಿಸಲು ಉಳಿದಿದ್ದವರು ಒಬ್ಬರೇ, ಯಶ್ಮಿತಾಳ ತಾಯಿ ಚಂದ್ರಮತಿ.

ಚಂದ್ರಮತಿ ಆಂಟಿ ತಿಲಕ್ ಹುಟ್ಟಿದಾಗಿನಿಂದ ವಿಸಿಟ್ ವೀಸಾದಲ್ಲಿ ಬಂದು ಹೋಗಿ ಮಾಡುತ್ತಿದ್ದರು. ಅವರು ಇದ್ದಾಗ ಆ ಮನೆಯ ಅಡುಗೆಮನೆಗೆ ಬೇರೆಯವರಿಗೆ ಪ್ರವೇಶವಿಲ್ಲ. ಇಲ್ಲಿಯ ಅಂಗಡಿಯ ಮೊಸರು ಅವರಿಗೆ ಆಗದು. ಪ್ರತಿ ಸಲ ಒಂದು ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಊರಿನ ಹೆಪ್ಪು ತುಂಬಿ, ಮೂರು ಪ್ಲಾಸ್ಟಿಕ್ ಸುತ್ತಿ, ಸೀರೆಗಳ ನಡುವೆ ಇಟ್ಟುಕೊಂಡು ವಿಮಾನ ಹತ್ತುತ್ತಿದ್ದರು. ಅಂಡದ ಮಾತು ಎತ್ತಿದ ಕೂಡಲೇ ಅವರ ಮುಖ ಬಿಗಿದುಕೊಂಡಿತು.

"ಯಾರೋ ಎಲ್ಲಿಯವಳೋ. ಅವಳದ್ದು ತಂದು ನನ್ನ ಮಗಳ ಹೊಟ್ಟೆಯಲ್ಲಿ ಇಡುದಾ? ಅಶ್ಮಿತಾ ಕೊಡ್ತೇನೆ ಅಂತ ಹೇಳ್ತಾ ಇದ್ದಾಳಲ್ಲ, ಅವಳದ್ದು ಎಂತಕ್ಕೆ ಆಗುದಿಲ್ಲ?"

ಅಶ್ಮಿತಾ ಯಶ್ಮಿತಾಳ ತಂಗಿ, ಮಂಗಳೂರಿನಲ್ಲಿರುವವಳು. ನಾನು ತಟ್ಟೆ ಸರಿಸಿ ಪಾಠ ಶುರು ಮಾಡಿದೆ. ಪಾಠ ಮಾಡುವುದೆಂದರೆ ನನಗೆ ಎಲ್ಲಿಲ್ಲದ ಹುಮ್ಮಸ್ಸು.

"ತಂಗಿಯದ್ದೂ ಆಗುದಿಲ್ಲ ಆಂಟಿ, ಒಂದೇ ತಾಯಿ ಅಲ್ವಾ? ಈ ಮೈಟೋಕಾಂಡ್ರಿಯಾ ಅಂದ್ರೆ ಜೀವಕೋಶದ ಒಳಗಿನ ಸಣ್ಣ ಸಣ್ಣ ಒಲೆ. ಮೈಗೆ ಬೇಕಾದ ಶಕ್ತಿ ಅಲ್ಲಿಂದಲೇ ಬರುದು. ಬಣ್ಣ, ಎತ್ತರ, ಮೂಗು, ಎಲ್ಲ ಅಪ್ಪ ಅಮ್ಮ ಇಬ್ಬರಿಂದಲೂ ಬರ್ತದೆ. ಈ ಒಲೆ ಮಾತ್ರ ತಾಯಿಯ ಅಂಡದ ಒಳಗೇ ಕೂತು ಬರ್ತದೆ. ಅಪ್ಪನದ್ದು ಬರುದಿಲ್ಲ."

ಎದುರಿಗೆ ಮೊಸರಿನ ಪಾತ್ರೆ ಇತ್ತು. ನನಗೆ ಬುದ್ಧಿ ಓಡಿತು.

"ನಿಮ್ಮ ಹೆಪ್ಪು ಉಂಟಲ್ಲ, ಹಾಗೆ. ಹಾಲು ಯಾರದ್ದೂ ಆಗ್ಬಹುದು. ಹೆಪ್ಪೇ ಹಾಳಾದ್ರೆ ಯಾವ ಹಾಲು ತಂದ್ರೂ ಮೊಸರು ಕೆಡ್ತದೆ. ಆಗ ಎಂತ ಮಾಡ್ತೀರಿ? ಬೇರೆ ಮನೆಯಿಂದ ಹೆಪ್ಪು ತರ್ತೀರಲ್ಲ?"

"ಹಾಗಾದ್ರೆ ಯಶುವಿಗೆ ಎಂತಕ್ಕೆ ಏನೂ ಆಗ್ಲಿಲ್ಲ? ನಂಗೆ?"

"ನಿಮ್ಮಲ್ಲಿ ಒಳ್ಳೆಯದು ಕೆಟ್ಟದ್ದು ಬೆರೆತು ಉಂಟು. ಒಳ್ಳೆಯದು ಹೆಚ್ಚಿದ್ರೆ ಹೊರಗೆ ಗೊತ್ತೇ ಆಗುದಿಲ್ಲ. ಆದ್ರೆ ಯಾವ ಅಂಡಕ್ಕೆ ಎಷ್ಟು ಕೆಟ್ಟದ್ದು ಹೋಗ್ತದೆ ಅಂತ ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲ. ತಿಲಕ್‌ನಿಗೆ ಹೆಚ್ಚುಕಡಿಮೆ ಎಲ್ಲ ಕೆಟ್ಟದ್ದೇ ಹೋಗಿತ್ತು."

ಆಂಟಿ ಮೊಸರಿನ ಪಾತ್ರೆಯನ್ನೇ ನೋಡಿದರು. ಆಮೇಲೆ ತಲೆ ಎತ್ತಿದರು. ಅವರ ಕಣ್ಣಿನಲ್ಲಿ ಏನೋ ಹೊಳೆದಿತ್ತು.

"ಹಾಂ. ಗೊತ್ತಾಯ್ತು. ತಾಯಿಯಿಂದ ಬರಿ."

ತುಳುವಿನವರ ಕನ್ನಡ, ಶಬ್ದ ಸ್ವಲ್ಪ ಹಿಂದುಮುಂದಾಗಿದೆ, ಬರೀ ತಾಯಿಯಿಂದ ಎನ್ನುತ್ತಿದ್ದಾರೆ ಎಂದುಕೊಂಡೆ. ನನ್ನ ಖುಷಿ ಏನು ಹೇಳಲಿ! ಎಂಬಿಎ ಮಾಡಿದ ರಂಜಿತನಿಗೆ ಮೂರು ದಿನ ಹಿಡಿದ ಪಾಠ ಈ ಹೆಂಗಸಿಗೆ ಹತ್ತು ನಿಮಿಷದಲ್ಲಿ ತಲೆಗೆ ಹೋಯಿತಲ್ಲ ಎಂದು ಮೇಜು ಬಡಿದೆ. "ಅದೇ ಆಂಟಿ! ತಾಯಿಯಿಂದ ಬರೀ!" ಎಂದು ಅವರ ಮಾತನ್ನೇ ತಿರುಗಿ ಹೇಳಿದೆ. ಅವರೂ ತಲೆಯಾಡಿಸಿದರು. ಇಬ್ಬರೂ ಒಂದೇ ಮಾತು ಹೇಳಿ, ಬೇರೆ ಬೇರೆ ಅರ್ಥ ಇಟ್ಟುಕೊಂಡು ಊಟ ಮುಗಿಸಿದೆವು.

ಮರುವಾರದಿಂದ ಆಂಟಿ ಬೇರೆಯೇ ಮನುಷ್ಯರಾದರು. ಅಂಡದ ಮಾತಿಗೆ ಮುಖ ಬಿಗಿಯುತ್ತಿದ್ದವರು ಈಗ ತಾವೇ ಮುಂದೆ ನಿಂತರು. ಊರಿನ ಒಂದು ಕ್ಲಿನಿಕ್‌ನಲ್ಲಿ ಗುರುತಿನ ನರ್ಸ್ ಇದ್ದಾಳೆ, ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದರು. ಡಿಸೆಂಬರ್‌ನಲ್ಲಿ, ಮೊಣಕಾಲಿಗೆ ಎಣ್ಣೆ ಹಾಕಿಸಿಕೊಳ್ಳಬೇಕು ಎಂದು ಮಗಳಿಗಿಂತ ಒಂದು ತಿಂಗಳು ಮೊದಲೇ ಹೊರಟರು. ನನ್ನ ಪಾಠದ ಪರಿಣಾಮ ಎಂದು ನಾನು ಬೀಗಿದೆ. ಕ್ಲಿನಿಕ್‌ಗೆ ಒಂದು ಪತ್ರವನ್ನೂ ಬರೆದು ಅವರ ಕೈಯಲ್ಲಿ ಕೊಟ್ಟೆ. ರೋಗದ ಹೆಸರು, ದೋಷ ಇರುವ ಜಾಗ, ಎಲ್ಲ ಬರೆದೆ. ದಾನಿ ತಾಯಿಯ ಕಡೆಯವಳಾಗಬಾರದು ಎಂಬ ಒಂದು ಸಾಲು ಬರೆಯಲಿಲ್ಲ. ದಾನಿ ಅಪರಿಚಿತಳೇ ಆಗಿರಬೇಕೆಂಬುದು ನಿಯಮ, ಅದನ್ನು ಯಾಕೆ ಬರೆಯಬೇಕು ಎಂದುಕೊಂಡೆ. ಆ ಸಾಲು ಈಗ ನನಗೆ ಲ್ಯಾಬಿನಲ್ಲಿ, ಕಾರಿನಲ್ಲಿ, ಇಗರ್ಜಿಯಲ್ಲಿ ಎಲ್ಲೆಂದರಲ್ಲಿ ನೆನಪಾಗುತ್ತದೆ.

ಜನವರಿಯಲ್ಲಿ ಯಶ್ಮಿತಾ, ರಂಜಿತ್ ಊರಿಗೆ ಹೋದರು, ಕೆಲಸ ಆಯಿತು. ಫೆಬ್ರವರಿಯಲ್ಲಿ ಯಶ್ಮಿತಾ ಬಸುರಿ ಎಂದು ಖಚಿತವಾಯಿತು, ತಾಯಿ ಮಗಳು ಅಬುಧಾಬಿಗೆ ಮರಳಿದರು. ಸ್ಕ್ಯಾನ್‌ಗಳೆಲ್ಲ ಚೆನ್ನಾಗಿದ್ದವು. ತಿಲಕ್‌ನವೂ ಚೆನ್ನಾಗಿಯೇ ಇದ್ದವು, ಆ ರೋಗ ಸ್ಕ್ಯಾನ್‌ನಲ್ಲಿ ಕಾಣುವಂಥದ್ದಲ್ಲ. ಆದರೂ ನನಗೆ ಧೈರ್ಯ ಇತ್ತು. ಬೇರೆ ಹೆಂಗಸಿನ ಅಂಡ, ಬೇರೆ ಹೆಪ್ಪು, ಹೆದರುವುದಕ್ಕೇನಿದೆ?

ಯಶ್ಮಿತಾ ಮಾತ್ರ ಮಂಕಾಗಿದ್ದಳು. ಐದನೇ ತಿಂಗಳಲ್ಲಿ ಮಗು ಒದೆಯಲು ಶುರು ಮಾಡಿದಾಗ ನನ್ನ ಹತ್ತಿರ ಹೇಳಿದಳು.

"ಇದು ನಂದಲ್ಲ ಅಂತ ಅನ್ನಿಸ್ತದೆ ವೆಲ್ಲಿ. ಒದೆಯುವಾಗ ಯಾರೋ ಹೊರಗಿನವರು ಬಾಗಿಲು ಬಡಿದ ಹಾಗೆ."

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಆಂಟಿ ನಕ್ಕರು. "ಹೊರಗಿನವರು ಎಂತಕ್ಕೆ ಆಗ್ತಾರೆ? ನೋಡ್ತಾ ಇರು, ಕಣ್ಣು ನಮ್ಮ ಕಡೆಯದ್ದೇ ಬರ್ತದೆ" ಎಂದರು.

ಅದು ಹೇಗೆ ಬರುತ್ತದೆ ಎಂದು ಕೇಳಲು ಹೊರಟೆ. ಮಗಳನ್ನು ಸಮಾಧಾನ ಮಾಡಲು ತಾಯಿ ಆಡುವ ಮಾತು, ಅದನ್ನು ಹಿಡಿದು ಕೆದಕುವುದು ಬೇಡ ಎಂದು ಅನ್ನಿಸಿತು. ಎಲ್ಲದಕ್ಕೂ ಬಾಯಿ ಹಾಕುವ ನಾನು ಅವತ್ತು ಮಾತ್ರ ಸಭ್ಯಳಾದೆ.

ಆಗಸ್ಟ್‌ನಲ್ಲಿ ಬಯಕೆಯ ಶಾಸ್ತ್ರ ಇಟ್ಟುಕೊಂಡರು. ಏಳನೇ ತಿಂಗಳಲ್ಲಿ ಬಸುರಿಗೆ ಹೂ ಮುಡಿಸಿ, ಬಳೆ ತೊಡಿಸಿ, ಮಡಿಲು ತುಂಬಿ, ಅವಳು ಬಯಸಿದ್ದನ್ನೆಲ್ಲ ಬಡಿಸುವ ದಿನ. ಹೊರಗೆ ಬಿಸಿಲು ನಲವತ್ತಾರು ಡಿಗ್ರಿ. ಕಾರಿನ ಬಾಗಿಲು ಮುಟ್ಟಿದರೆ ಕೈ ಚುರುಗುಟ್ಟುತ್ತಿತ್ತು. ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದು ಮಟಮಟ ಮಧ್ಯಾಹ್ನವೇ ದೀಪ ಹಾಕಿದ್ದರು. ರಂಜಿತ್ ಬೆಳಿಗ್ಗೆಯೇ ಅಲ್ ಮೀನಾದ ಮೀನು ಮಾರುಕಟ್ಟೆಗೆ ಹೋಗಿ ದೊಡ್ಡ ಅಂಜಲ್ ಮೀನು ತಂದಿದ್ದ. ಮಲ್ಲಿಗೆ, ಹುರಿದ ಮೀನು, ಧೂಪ ಎಲ್ಲ ಸೇರಿದ ವಾಸನೆಯಲ್ಲಿ ಇಪ್ಪತ್ತು ಹೆಂಗಸರು ಹಸಿರು ಸೀರೆಯ ಯಶ್ಮಿತಾಳ ಸುತ್ತ ಕುಳಿತಿದ್ದರು. ಅಂಡದ ವಿಷಯ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಶಾಸ್ತ್ರ ಮಾಡಿಸಲು ಬಂದವರು ಅಂಬುಜಮ್ಮ. ಮಗನ ಮನೆಯಲ್ಲಿರುವ ಮುದುಕಿ, ಅಬುಧಾಬಿಯ ತುಳುವರ ಇಂಥ ಕಾರ್ಯಗಳಿಗೆಲ್ಲ ಅವರೇ ಬೇಕು. ಅವರು ಯಶ್ಮಿತಾಳ ಮಡಿಲಿಗೆ ತೆಂಗಿನಕಾಯಿ ಇಟ್ಟು, ಗಲ್ಲ ಹಿಡಿದು ಕೇಳಿದರು.

"ನಿಮ್ಮದು ಬರಿ ಯಾವುದು ಮಗಾ? ಹುಟ್ಟುವ ಮಗು ಯಾವ ಬರಿ ಅಂತ ಹೇಳ್ಬೇಕು ನಂಗೆ."

ಯಶ್ಮಿತಾಳ ಮುಖದ ಬಣ್ಣ ಹೋಯಿತು. ತಲೆ ತಗ್ಗಿಸಿ ಮಡಿಲಿನ ತೆಂಗಿನಕಾಯಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಹಿಂದೆ ನಿಂತಿದ್ದ ಚಂದ್ರಮತಿ ಆಂಟಿ ಇಡೀ ಹಾಲ್‌ಗೆ ಕೇಳುವಂತೆ, "ನಮ್ಮದೇ! ನಮ್ಮದೇ ಬರಿ!" ಎಂದು ಒಂದು ಹೆಸರು ಹೇಳಿದರು. ಆ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಆ ಹೆಸರಿನ ಸಾವಿರಾರು ಜನ ಆರೋಗ್ಯವಾಗಿದ್ದಾರೆ, ಸುಮ್ಮನೆ ಅವರ ನೆಮ್ಮದಿ ಯಾಕೆ ಕೆಡಿಸಬೇಕು.

ನನ್ನ ಕಿವಿ ನೆಟ್ಟಗಾಯಿತು. ಬರಿ? ಬರೀ ಅಲ್ಲವೇ?

"ಅಂಬುಜಮ್ಮ, ಬರಿ ಅಂದ್ರೆ ಎಂತ?"

"ಅಯ್ಯೋ, ನೀನು ಕ್ರಿಸ್ತಾನರ ಮಗು, ನಿಂಗೆ ಎಲ್ಲಿ ಗೊತ್ತಾಗ್ಬೇಕು," ಎಂದು ಅವರು ನಕ್ಕರು. "ನಮ್ಮ ತುಳುವರಲ್ಲಿ ಗೋತ್ರ ಇದ್ದ ಹಾಗೆ. ಆದ್ರೆ ಅಪ್ಪನದ್ದು ಬರುದಿಲ್ಲ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ. ಒಂದೇ ಬರಿಯವರು ಎಲ್ಲೇ ಇರ್ಲಿ, ಒಂದೇ ತಾಯಿಯ ಮಕ್ಕಳಿದ್ದ ಹಾಗೆ, ಮದುವೆ ಸಹ ಆಗ್ಲಿಕ್ಕಿಲ್ಲ. ತಾಯಿಯಿಂದ ಬರಿ."

ತಾಯಿಯಿಂದ ಬರಿ.

ಹತ್ತು ತಿಂಗಳ ಹಿಂದಿನ ಮೊಸರಿನ ಪಾತ್ರೆ ಕಣ್ಣ ಮುಂದೆ ಬಂತು. ನಾನು ಮೇಜು ಬಡಿದದ್ದು, ಆಂಟಿ ತಲೆಯಾಡಿಸಿದ್ದು, ಆ ಕಣ್ಣಿನ ಹೊಳಪು. ನೂರಾರು ವರ್ಷಗಳಿಂದ ಇವರು ಅದನ್ನೇ ಜಪಿಸಿಕೊಂಡು ಬಂದಿದ್ದಾರೆ, ನಾನು ಮೈಕ್ರೋಸ್ಕೋಪು ಹಿಡಿದುಕೊಂಡು ಬಂದು ಇವರಿಗೆ ಪಾಠ ಹೇಳಿದ್ದೆ.

ಅಷ್ಟರಲ್ಲಿ ಯಶ್ಮಿತಾ ಬಿಕ್ಕಲು ಶುರು ಮಾಡಿದ್ದಳು. ಬಂದವರು ಸುಸ್ತು ಎಂದುಕೊಂಡರು. ನಾನು, ಆಂಟಿ ಅವಳನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದೆವು. ಆಂಟಿ ಬಾಗಿಲು ಹಾಕಿ ಚಿಲಕ ಸರಿಸಿದರು.

"ಎಂತಕ್ಕೆ ಸುಳ್ಳು ಹೇಳಿದ್ದು ಅಮ್ಮ?" ಎಂದಳು ಯಶ್ಮಿತಾ. "ಈ ಮಗುವಿಗೆ ಎಲ್ಲಿಯ ಬರಿ? ಯಾರದ್ದೋ ಏನೋ."

ಆಂಟಿ ಮಂಚದ ಮೇಲೆ ಅವಳ ಪಕ್ಕ ಕುಳಿತರು. ಮುಖದ ತುಂಬ ನಗು. ಆ ನಗು ನೋಡಿ ನನಗೆ ಓಡಿಹೋಗಬೇಕು ಅನ್ನಿಸಿತು.

"ಸುಳ್ಳಲ್ಲ ಮಗಾ. ಇವತ್ತೇ ಹೇಳ್ಬೇಕು ಅಂತ ಇಟ್ಟುಕೊಂಡಿದ್ದೆ, ಬಯಕೆಯ ದಿನ. ನಮ್ಮ ಸುಗಂಧಿಯದ್ದು ಅದು."

ಸುಗಂಧಿ ಎಂದರೆ ಆಂಟಿಯ ದೊಡ್ಡಮ್ಮನ, ಅಂದರೆ ತಾಯಿಯ ಅಕ್ಕನ, ಮಗಳ ಮಗಳು. ದಾನಿಯ ಹೆಸರು ಹೇಳುವಂತಿಲ್ಲ ಎಂದು ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಕಾಗದದ ಹಿಂದೆ ನರ್ಸನ್ನು ಹಿಡಿದು ಆಂಟಿಯೇ ಸುಗಂಧಿಯನ್ನು ದಾನಿಯಾಗಿ ಕೂರಿಸಿದ್ದರು. ರಂಜಿತನಿಗೂ ಗೊತ್ತಿಲ್ಲ. ಆಂಟಿ ನನ್ನ ಕಡೆ ತಿರುಗಿ ಒಪ್ಪಿಸುವಂತೆ ಹೇಳಿದರು.

"ನೀನೇ ಹೇಳಿದ್ದಲ್ಲ ಮಗಾ, ಅಶ್ಮಿತಾ ಬೇಡ, ಒಂದೇ ತಾಯಿ, ಬೇರೆ ಮನೆಯಿಂದ ತನ್ನಿ ಅಂತ. ಸುಗಂಧಿಯ ತಾಯಿ ಬೇರೆ, ಮನೆ ಬೇರೆ. ಅವಳ ದೊಡ್ಡ ಮಗಳು ಶಾಲೆಗೆ ಹೋಗ್ತಾಳೆ, ಎಂತದ್ದೂ ಇಲ್ಲ. ನಾನು ಕಣ್ಣಾರೆ ನೋಡಿಯೇ ಕೇಳಿದ್ದು. ಹೆಪ್ಪೂ ಬದಲಾಯ್ತು, ಬರಿಯೂ ಉಳಿಯಿತು. ಬರಿ ಗೊತ್ತಿಲ್ಲದ ಮಗುವಿಗೆ ನಾಳೆ ಯಾರು ಹೆಣ್ಣು ಕೊಡ್ತಾರೆ?"

ಯಶ್ಮಿತಾ ತಾಯಿಯನ್ನು ತಬ್ಬಿಕೊಂಡಳು. ಎರಡು ವರ್ಷಗಳಲ್ಲಿ ನಾನು ಕಾಣದ ನಗು ಅವಳ ಮುಖದಲ್ಲಿತ್ತು. "ನಮ್ಮದೇ! ಕೇಳಿದ್ಯಾ ವೆಲ್ಲಿ? ನಂದೇ ಬರಿ!" ಎಂದು ಹೊಟ್ಟೆಯನ್ನು ಎರಡೂ ಕೈಯಿಂದ ಸವರಿದಳು. ಹೊಸ ಗಾಜಿನ ಬಳೆಗಳು ಗಲಗಲ ಎಂದವು. ಏಳು ತಿಂಗಳಲ್ಲಿ ಮೊದಲ ಸಲ ಅವಳು ಆ ಮಗುವನ್ನು ಮುದ್ದು ಮಾಡಿದ್ದು.

ನಾನು ಗೋಡೆಗೆ ಒರಗಿ ನಿಂತಿದ್ದೆ. ದೊಡ್ಡಮ್ಮ, ಅವರ ಮಗಳು, ಆ ಮಗಳ ಮಗಳು. ಎಣಿಸಿದ ಕಡೆಯೆಲ್ಲ ಹೆಂಗಸರೇ. ನಡುವೆ ಒಬ್ಬ ಗಂಡಸು ಬಂದಿದ್ದರೆ ಸಾಕಿತ್ತು, ಆ ಕೆಟ್ಟ ಹೆಪ್ಪು ಅಲ್ಲಿಗೇ ನಿಲ್ಲುತ್ತಿತ್ತು.

"ಅವಳಿಗೆ ಫೋನ್ ಮಾಡುವ, ನೀನೇ ಮಾತಾಡು," ಎಂದು ಆಂಟಿ ಮೊಬೈಲ್‌ನಲ್ಲಿ ಐಎಂಒ ತೆರೆದು ವಿಡಿಯೋ ಕರೆ ಮಾಡಿದರು. ತೆರೆಯ ಮೇಲೆ ಒಂದು ನಗುಮುಖ ಮೂಡಿತು. ನಾನು ಇರುವುದನ್ನು ನೋಡಿ ಸುಗಂಧಿ ತುಳುವಿನಿಂದ ಕನ್ನಡಕ್ಕೆ ತಿರುಗಿದಳು. ಅವಳ ಹೆಗಲ ಮೇಲೆ ಒಂದೂವರೆ ವರ್ಷದ ಗಂಡು ಮಗು ತಲೆ ಆನಿಸಿಕೊಂಡಿತ್ತು, ಅವಳ ಎರಡನೆಯದು.

"ಅವನಿಗೆ ನಿದ್ದೆಯಾ?" ಆಂಟಿ ಕೇಳಿದರು.

"ಇಲ್ಲ ಚಿಕ್ಕಮ್ಮ. ಹೋದ ತಿಂಗಳು ಜ್ವರ ಬಂದಿತ್ತಲ್ಲ. ಆಮೇಲೆ ಹೀಗೇ, ಕುತ್ತಿಗೆಯೇ ನಿಲ್ಲುದಿಲ್ಲ. ಡಾಕ್ಟ್ರು ನೋಡುವ ಅಂತ ಹೇಳಿದ್ದಾರೆ."

ಅವಳು ಮಗುವಿನ ಮುಖವನ್ನು ಫೋನಿನ ಕಡೆ ತಿರುಗಿಸಿದಳು. ಕಣ್ಣುಗುಡ್ಡೆಗಳು ಅದುರುತ್ತಿದ್ದವು. ನೆಟ್‌ವರ್ಕ್ ಸರಿಯಿಲ್ಲ, ಚಿತ್ರ ಅದುರುತ್ತಿದೆ ಎಂದುಕೊಂಡೆ. ಹಾಗೆಯೇ ಆಗಿರಲಿ ದೇವರೇ ಎಂದು ಬೇಡಿದೆ. ಆದರೆ ಸುಗಂಧಿಯ ಮುಖ ಅದುರುತ್ತಿರಲಿಲ್ಲ. ಅವಳ ಹಿಂದಿನ ಕ್ಯಾಲೆಂಡರ್ ಅದುರುತ್ತಿರಲಿಲ್ಲ. ಮಗುವಿನ ಕಣ್ಣುಗಳು ಮಾತ್ರ ಗೋಡೆಯ ಮೇಲೆ ಯಾರನ್ನೋ ಹಿಂಬಾಲಿಸುತ್ತಿದ್ದವು.

ಆಂಟಿ ಮೊಮ್ಮಗನನ್ನು ಕರೆಯುವಂತೆ ನಾಲಿಗೆಯಿಂದ ಟಕಟಕ ಶಬ್ದ ಮಾಡಿದರು. ಅವರಿಗೆ ಏನೂ ಹೊಳೆದಿರಲಿಲ್ಲ. ನಾನು ಯಶ್ಮಿತಾಳ ಕಡೆ ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ. ಬಳೆಗಳ ಸದ್ದನ್ನು ಕೇಳುತ್ತಿದ್ದೆ. ಸವರುತ್ತಿದ್ದ ಕೈಯ ಬಳೆಗಳು ಗಲ್ ಎಂದವು, ಮತ್ತೊಮ್ಮೆ ಗಲ್ ಎಂದವು, ನಿಂತವು.

"ವೆಲ್ಲಿ."

ತಿರುಗಲೇಬೇಕಾಯಿತು. ಅವಳು ಫೋನನ್ನೇ ನೋಡುತ್ತಿದ್ದಳು. ಎರಡೂ ಕೈ ಹೊಟ್ಟೆಯಿಂದ ಸ್ವಲ್ಪ ಮೇಲೆ, ಬಿಸಿ ಪಾತ್ರೆ ಮುಟ್ಟಲು ಹೆದರಿದವರ ಹಾಗೆ ನಿಂತಿದ್ದವು.

"ಬರಿ ಬರುದು ಯಾರಿಂದ?"

ನೂರು ಉತ್ತರಗಳು ಬಾಯಿಗೆ ಬಂದವು. ಎಷ್ಟು ಹೋಗಿದೆ ಎಂದು ಯಾರಿಗೂ ಗೊತ್ತಿಲ್ಲ. ಸುಗಂಧಿಯ ಮಗಳು ಚೆನ್ನಾಗಿಯೇ ಇದ್ದಾಳಲ್ಲ. ಕೆಟ್ಟದ್ದು ಕಡಿಮೆಯೇ ಹೋಗಿರಬಹುದು. ನೋಡೋಣ. ಏಳು ತಿಂಗಳು ತುಂಬಿದ ಮೇಲೆ ನೋಡುವುದು ಬಿಟ್ಟು ಯಾರೂ ಏನೂ ಮಾಡುವ ಹಾಗಿರಲಿಲ್ಲ. ಆದರೆ ಅವಳಿಗೆ ಯಾವತ್ತೂ ಸುಳ್ಳು ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ.

"ತಾಯಿಯಿಂದ ಯಶು," ಎಂದೆ.

ಚಂದ್ರಮತಿ ಆಂಟಿ ಫೋನಿನಿಂದ ಮುಖ ಎತ್ತಿ ನಮ್ಮಿಬ್ಬರನ್ನೂ ನೋಡಿದರು. ಅವರ ಮುಖದಲ್ಲಿ ಇನ್ನೂ ಆ ನಗು ಹಾಗೆಯೇ ಇತ್ತು.

"ಮತ್ತೆ?" ಎಂದರು. "ನಾನು ಅವತ್ತೇ ಹೇಳಿದ್ದಲ್ವಾ?"